ಸಾಲಕ್ಕೆ ಒತ್ತೆಯಾದ ಬಾಲ್ಯ

ಮೂರು ದಶಕಗಳಿಗೂ ಹಿಂದಿನ ಮಾತು. ಬೆಂಗಳೂರಿನಿಂದ ಹೆಚ್ಚು ದೂರವಿಲ್ಲದ, ರೇಷ್ಮೆಗೆ ಹೆಸರಾದ ಉಪವಿಭಾಗವೊಂದರಲ್ಲಿ ನಾನು ಉಪವಿಭಾಗಾಧಿಕಾರಿಯಾಗಿದ್ದೆ. ಒಂದು ಬೆಳಿಗ್ಗೆ ನೂಲು ಬಿಚ್ಚುವ ಘಟಕವೊಂದಕ್ಕೆ ತಪಾಸಣೆಗೆ ಹೋದಾಗ, ಸುಮಾರು ಹತ್ತು ವರ್ಷದ ಹುಡುಗನೊಬ್ಬ ಬಿಸಿನೀರಿನ ತೊಟ್ಟಿಯ ಮುಂದೆ ಕುಳಿತು, ಬೆಂದ ಗೂಡುಗಳಲ್ಲಿ ಎಳೆಯ ತುದಿಯನ್ನು ಕೈಯಿಂದ ಹುಡುಕುತ್ತಿದ್ದ. ಅಂಗೈಯ ಚರ್ಮ ಬೆಳ್ಳಗೆ ಸುಕ್ಕುಗಟ್ಟಿ ಅಲ್ಲಲ್ಲಿ ಸುಲಿದಿತ್ತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಅನ್ವಯ ವಿಚಾರಣೆ ನಡೆಸಿ ಅವನಿಗೆ ಬಿಡುಗಡೆ ಪತ್ರ ನೀಡಿದೆ. ಅವನ ತಂದೆ ಮಾಲೀಕನಿಂದ ಪಡೆದಿದ್ದ ಮೂರು ಸಾವಿರ ರೂಪಾಯಿ ಸಾಲ ಕಾನೂನಿನ ಪ್ರಕಾರ ರದ್ದಾಗಿದೆ ಎಂದೂ ತಿಳಿಸಿದೆ. ಒಂದು ಸತ್ಕಾರ್ಯ ಮಾಡಿದ ಸಮಾಧಾನ ನನಗಿತ್ತು.

ಮರುದಿನ ಆ ತಂದೆ ಕಚೇರಿಯ ಬಾಗಿಲಲ್ಲಿ ನಿಂತಿದ್ದ. ಕೃತಜ್ಞತೆ ಹೇಳಲು ಬಂದಿರಬೇಕೆಂದು ಭಾವಿಸಿದೆ. ‘ಹುಡುಗನ್ನ ಬಿಡಿಸಿದ್ರಿ ಸ್ವಾಮಿ, ಒಳ್ಳೇದಾಯ್ತು. ನಾಳೆ ಮತ್ತೆ ಮನೇಲಿ ಯಾರಾದ್ರೂ ಹಾಸಿಗೆ ಹಿಡಿದ್ರೆ ನಂಗೆ ದುಡ್ಡು ಯಾರು ಕೊಡ್ತಾರೆ?’ ಎಂದು ಕೇಳಿದ. ಹೆಂಡತಿಯ ಚಿಕಿತ್ಸೆಗೆಂದು ಮಾಡಿದ ಸಾಲವದು. ಕಾಯ್ದೆಯು ಆ ಸಾಲವನ್ನೇನೋ ಅಳಿಸಿತ್ತು. ಆದರೆ ಅವನಿಗೆ ಸಾಲ ಹುಟ್ಟುತ್ತಿದ್ದ ಒಂದೇ ಒಂದು ಬಾಗಿಲೂ ಅದರೊಂದಿಗೆ ಮುಚ್ಚಿತ್ತು. ನನ್ನಲ್ಲಿ ಉತ್ತರವಿರಲಿಲ್ಲ. ನಾಲ್ಕು ತಿಂಗಳ ನಂತರ, ಅದೇ ಹುಡುಗ ಬೇರೊಂದು ಊರಿನ ಹುರಿ ಮಾಡುವ ಘಟಕದಲ್ಲಿದ್ದಾನೆಂಬ ಸುದ್ದಿ ಬಂತು. ಈ ಬಾರಿ ಮುಂಗಡದ ಮೊತ್ತ ಐದು ಸಾವಿರ. ಆ ವೇಳೆಗೆ ನನಗೆ ವರ್ಗವಾಗಿತ್ತು. ಕಡತದಲ್ಲಿ ಮಾತ್ರ ಅವನು ‘ಬಿಡುಗಡೆಗೊಂಡ ಬಾಲಕ’ನಾಗಿಯೇ ಉಳಿದ.

ಬಡತನವೇ ಬಾಲಕಾರ್ಮಿಕ ಪದ್ಧತಿಗೆ ಮೂಲ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅದು ಸುಳ್ಳಲ್ಲ. ಆದರೆ ಅದೇ ಊರಿನಲ್ಲಿ, ಅಷ್ಟೇ ಬಡವರಾದ ಅನೇಕರ ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಹಾಗಿದ್ದರೆ ವ್ಯತ್ಯಾಸ ಎಲ್ಲಿತ್ತು? ನಾನು ವಿಚಾರಿಸಿದ ಮನೆಗಳಲ್ಲೆಲ್ಲ ಕಥೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಒಂದು ಕಾಯಿಲೆ, ಒಂದು ಸಾವು, ಒಂದು ಮದುವೆ, ಮಳೆ ಕೈಕೊಟ್ಟ ಒಂದು ವರ್ಷ. ಕೂಲಿಯಿಂದ ಹೇಗೋ ಸಾಗುತ್ತಿದ್ದ ಸಂಸಾರಕ್ಕೆ ಒಮ್ಮೆಲೇ ಎರಡು-ಮೂರು ಸಾವಿರ ರೂಪಾಯಿ ಬೇಕಾಗುತ್ತಿತ್ತು. ಅಡವಿಡಲು ಹೊಲವಿಲ್ಲ, ಒಡವೆಯಿಲ್ಲ. ಬ್ಯಾಂಕು ಇಂಥವರನ್ನು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಒತ್ತೆಯಿಡಲು ಮನೆಯಲ್ಲಿ ಉಳಿದಿದ್ದುದು ಮಗು ಮಾತ್ರ.

ಈ ವ್ಯವಹಾರದ ಲೆಕ್ಕಾಚಾರ ಸರಳ. ಮುಂಗಡ ತೀರುವವರೆಗೆ ಮಗು ಬೇರೆಡೆಗೆ ಹೋಗುವಂತಿಲ್ಲ. ಹೋಗಲಾಗದವನಿಗೆ ಪೇಟೆಯ ಕೂಲಿ ಕೊಡಬೇಕಾದ ಅಗತ್ಯ ಮಾಲೀಕನಿಗಿಲ್ಲ. ಕೊಡುವ ಅಲ್ಪ ಕೂಲಿ ವಾರದ ದಿನಸಿಗೇ ಸರಿಹೋಗುವುದರಿಂದ ಅಸಲು ಕರಗುವುದಿಲ್ಲ. ನಡುವೆ ಹಬ್ಬಕ್ಕೋ ಜ್ವರಕ್ಕೋ ಪಡೆದ ಕೈಸಾಲ ಅದಕ್ಕೆ ಸೇರುತ್ತದೆ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು ಕರ್ನಾಟಕ, ಉತ್ತರ ಪ್ರದೇಶ ಹಾಗೂ ತಮಿಳುನಾಡಿನ ರೇಷ್ಮೆ ಉದ್ಯಮದಲ್ಲಿ ಮಕ್ಕಳ ಜೀತವನ್ನು ಕುರಿತು ಪ್ರಕಟಿಸಿದ ವರದಿಯು ದಾಖಲಿಸಿದ್ದೂ ಇದೇ ಮುಂಗಡದ ಸರಪಳಿಯನ್ನು.

ಅರ್ಥಶಾಸ್ತ್ರಜ್ಞರಾದ ಕೌಶಿಕ್ ಬಸು ಮತ್ತು ಫಾಮ್ ಹೋಂಗ್ ವಾನ್ 1998ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಇಲ್ಲಿ ಪ್ರಸ್ತುತವಾಗುತ್ತದೆ. ಹಿರಿಯರ ಗಳಿಕೆಯಿಂದ ಸಂಸಾರ ಸಾಗದೆ ಹೋದಾಗ ಮಾತ್ರ ತಂದೆತಾಯಿ ಮಕ್ಕಳನ್ನು ದುಡಿಮೆಗೆ ಕಳಿಸುತ್ತಾರೆ ಎಂಬುದು ಅವರ ಮೊದಲ ಗ್ರಹಿಕೆ. ಮಕ್ಕಳು ಮಾಡುವ ಕೆಲಸವನ್ನು ವಯಸ್ಕರೂ ಮಾಡಬಲ್ಲರು ಎಂಬುದು ಎರಡನೆಯದು. ಇವೆರಡನ್ನೂ ಜೋಡಿಸಿದರೆ, ಮಕ್ಕಳ ಅಗ್ಗದ ದುಡಿಮೆಯೇ ಹಿರಿಯರ ಕೂಲಿಯನ್ನು ಕೆಳಕ್ಕೆ ಜಗ್ಗುತ್ತದೆ ಎಂದಾಗುತ್ತದೆ. ಬಡತನ ಮಗುವನ್ನು ದುಡಿಮೆಗೆ ದೂಡಿದರೆ, ಆ ದುಡಿಮೆ ಬಡತನವನ್ನು ಪೋಷಿಸುತ್ತದೆ. ಮಗ ಬಿಸಿನೀರಿನ ಮುಂದೆ ಕುಳಿತಿದ್ದಾಗ ಆ ತಂದೆಗೆ ವಾರದಲ್ಲಿ ಮೂರು ದಿನವೂ ಕೆಲಸ ಸಿಗುತ್ತಿರಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ನಮ್ಮ ಶಾಸನಗಳು ಈ ವಿಷಯದಲ್ಲಿ ಬಹುಕಾಲ ಹಿಂಜರಿದವು. ಕನ್ನಡಿಗರೇ ಆದ ಎಂ.ಎಸ್. ಗುರುಪಾದಸ್ವಾಮಿ ಅವರ ಅಧ್ಯಕ್ಷತೆಯ ಸಮಿತಿಯು 1979ರಲ್ಲಿ, ಬಡತನವಿರುವವರೆಗೆ ಸಂಪೂರ್ಣ ನಿಷೇಧ ಕಾರ್ಯಸಾಧ್ಯವಲ್ಲವೆಂದು ಅಭಿಪ್ರಾಯಪಟ್ಟು, ಅಪಾಯಕಾರಿ ಕೆಲಸಗಳಲ್ಲಿ ನಿಷೇಧ, ಉಳಿದೆಡೆ ನಿಯಂತ್ರಣ ಎಂಬ ಮಾರ್ಗ ಸೂಚಿಸಿತು. 1986ರ ಕಾಯ್ದೆ ಅದೇ ದಾರಿ ಹಿಡಿಯಿತು. ಅಮೆರಿಕದ ವಿದ್ವಾಂಸ ಮೈರನ್ ವೀನರ್ 1991ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ನಂಬಿಕೆಯನ್ನೇ ಪ್ರಶ್ನಿಸಿದರು. ಬಡವರ ಮಕ್ಕಳು ದುಡಿಯುವುದು ಸಹಜವೆಂದು ಒಪ್ಪಿಕೊಂಡಿರುವ ವಿದ್ಯಾವಂತ ಮಧ್ಯಮ ವರ್ಗ ಮತ್ತು ಅಧಿಕಾರಿಗಳ ಮನೋಭಾವವೇ ಕಡ್ಡಾಯ ಶಿಕ್ಷಣಕ್ಕೆ ಅಡ್ಡಿ ಎಂಬುದು ಅವರ ವಾದ. ಓದಿದಾಗ ನನಗೆ ಸಿಟ್ಟು ಬಂದಿತ್ತು.

ಆ ಸಿಟ್ಟಿಗೆ ಕಾರಣವಿತ್ತು. ಅದೇ ವರ್ಷಗಳಲ್ಲಿ ನಮ್ಮ ಸರ್ಕಾರಿ ವಸತಿಗೃಹದಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಮನೆಗೆಲಸಕ್ಕಿದ್ದಳು. ‘ನಮ್ಮ ಮನೆಯಲ್ಲಿ ಹೊಟ್ಟೆ ತುಂಬ ಊಟವಾದರೂ ಸಿಗುತ್ತದೆ’ ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ಅವಳ ಅಪ್ಪ ಮನೆಯ ಸೂರು ಸರಿಪಡಿಸಲು ಹಣ ಕೇಳಿದಾಗ ಕೊಟ್ಟವನು ನಾನೇ. ಅವಳ ಸಂಬಳದಲ್ಲಿ ಮುರಿದುಕೊಂಡವನೂ ನಾನೇ. ಹದಿನಾಲ್ಕರ ಒಳಗಿನವರನ್ನು ಮನೆಗೆಲಸಕ್ಕೆ, ಹೋಟೆಲುಗಳಿಗೆ ಇಟ್ಟುಕೊಳ್ಳುವುದಕ್ಕೆ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಹಾಗಾಗಿ ನಾನು ಆ ಕಾಯ್ದೆಯ ಪಟ್ಟಿಯನ್ನು ಮೀರಿರಲಿಲ್ಲ. ಆದರೆ ರೇಷ್ಮೆ ಘಟಕದ ಮಾಲೀಕ ಮಾಡಿದ್ದಕ್ಕೂ ನಾನು ಮಾಡಿದ್ದಕ್ಕೂ ಮೂಲದಲ್ಲಿ ಎಷ್ಟು ಅಂತರವಿತ್ತು?

ಪರಿಸ್ಥಿತಿ ಸುಧಾರಿಸಿಲ್ಲವೆಂದು ಹೇಳಲಾಗದು. 5ರಿಂದ 14 ವರ್ಷದ ದುಡಿಯುವ ಮಕ್ಕಳ ಸಂಖ್ಯೆ ದೇಶದಲ್ಲಿ 2001ರ ಜನಗಣತಿಯಲ್ಲಿ ಸುಮಾರು 1.26 ಕೋಟಿ ಇದ್ದದ್ದು 2011ರಲ್ಲಿ ಸುಮಾರು 1.01 ಕೋಟಿಗೆ ಇಳಿಯಿತು. ಶಾಲೆಯ ಬಿಸಿಯೂಟ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳನ್ನು ತರಗತಿಗೆ ಸೆಳೆದವು. ನೂಲು ಬಿಚ್ಚುವ ಸ್ವಯಂಚಾಲಿತ ಯಂತ್ರಗಳೂ ಬಂದಿವೆ. 2016ರ ತಿದ್ದುಪಡಿ ಹದಿನಾಲ್ಕರ ಒಳಗಿನವರ ದುಡಿಮೆಯನ್ನು ಎಲ್ಲ ಉದ್ಯೋಗಗಳಲ್ಲೂ ನಿಷೇಧಿಸಿತು. ಆದರೆ ಶಾಲೆಯ ಅವಧಿಯ ನಂತರ ಮತ್ತು ರಜೆಯಲ್ಲಿ, ಅಪಾಯಕಾರಿಯಲ್ಲದ ಕುಟುಂಬದ ಉದ್ಯಮದಲ್ಲಿ ನೆರವಾಗಬಹುದೆಂಬ ವಿನಾಯಿತಿಯನ್ನೂ ಇಟ್ಟಿತು. ಬೀಡಿ, ಅಗರಬತ್ತಿಯಂಥ ಕೆಲಸಗಳು ಮನೆಯ ಜಗಲಿಗೇ ಬರುವ ನಾಡಿನಲ್ಲಿ ಮನೆಗೂ ಕಾರ್ಖಾನೆಗೂ ನಡುವಿನ ಗೆರೆಯನ್ನು ಯಾವ ತನಿಖಾಧಿಕಾರಿ ಗುರುತಿಸಬಲ್ಲ?

ಆ ತಂದೆಯ ಪ್ರಶ್ನೆಯನ್ನು ಅರ್ಥಮಾಡಿಕೊಂಡದ್ದು ಸುಪ್ರೀಂ ಕೋರ್ಟ್. ಶಿವಕಾಶಿಯ ಬೆಂಕಿಪೊಟ್ಟಣ, ಪಟಾಕಿ ಉದ್ಯಮದ ಮಕ್ಕಳ ಕುರಿತ ಪ್ರಕರಣದಲ್ಲಿ 1996ರ ಡಿಸೆಂಬರ್‌ನಲ್ಲಿ ನೀಡಿದ ತೀರ್ಪಿನಲ್ಲಿ ಅದು, ಅಪಾಯಕಾರಿ ಕೆಲಸಕ್ಕೆ ಇಟ್ಟುಕೊಂಡ ಪ್ರತಿ ಮಗುವಿಗೆ ಮಾಲೀಕರಿಂದ 20,000 ರೂ. ವಸೂಲು ಮಾಡಬೇಕೆಂದೂ, ಮಗುವಿನ ಬದಲು ಮನೆಯ ವಯಸ್ಕರೊಬ್ಬರಿಗೆ ಕೆಲಸ ಕೊಡಬೇಕು ಇಲ್ಲವೇ ಸರ್ಕಾರ 5,000 ರೂ. ಸೇರಿಸಬೇಕೆಂದೂ ಆದೇಶಿಸಿತು. ಮಗುವಿನ ಬಿಡುಗಡೆಯೊಂದಿಗೆ ಸಂಸಾರದ ವರಮಾನವನ್ನೂ ಯೋಚಿಸಿದ ತೀರ್ಪದು.

ಇಂದು ಆಗಬೇಕಾದದ್ದೂ ಅದೇ. ಬಡ ಕುಟುಂಬಕ್ಕೆ ಈಗ ಆಸ್ಪತ್ರೆಯ ವೆಚ್ಚ ಭರಿಸುವ ಯೋಜನೆಗಳಿವೆ. ಆದರೆ ದುಡಿಯುವವರು ಹಾಸಿಗೆ ಹಿಡಿದ ದಿನಗಳ ಕೂಲಿಯನ್ನು ತುಂಬಿಕೊಡುವವರಿಲ್ಲ. ಅಂಥ ಸಮಯದಲ್ಲಿ ಎರಡು ದಿನದೊಳಗೆ, ಅಡಮಾನವಿಲ್ಲದೆ ಒಂದಿಷ್ಟು ತುರ್ತು ಹಣ ಗ್ರಾಮ ಪಂಚಾಯಿತಿಯ ಮಟ್ಟದಲ್ಲೇ ಸಿಗುವಂತಾಗಬೇಕು. ಮಗು ಒಂದು ವಾರ ತರಗತಿಗೆ ಬಾರದಿದ್ದರೆ ಶಿಕ್ಷಕರ ಹಾಜರಿ ಪುಸ್ತಕವೇ ಮೊದಲ ಎಚ್ಚರಿಕೆಯಾಗಿ, ಯಾರಾದರೂ ಆ ಮನೆಯ ಬಾಗಿಲಿಗೆ ಹೋಗಬೇಕು. ಮಗು ಕೆಲಸದ ಸ್ಥಳದಲ್ಲಿ ಸಿಕ್ಕಿಬೀಳುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಬಿಡುಗಡೆ ಪತ್ರ ಕೊಟ್ಟ ಅಧಿಕಾರಿಗೆ ಒಂದು ವರ್ಷದ ನಂತರ ಆ ಮಗು ಎಲ್ಲಿದೆಯೆಂದು ವರದಿ ಮಾಡುವ ಹೊಣೆಯನ್ನೂ ವಹಿಸಬೇಕು.

ನನಗೆ ಆ ಹೊಣೆಯನ್ನು ಯಾರೂ ವಹಿಸಿರಲಿಲ್ಲ. ನಾನಾಗಿ ಹೊರಲೂ ಇಲ್ಲ. ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಅವನಿಗೂ ಹತ್ತು ವರ್ಷದ ಮಗನೋ ಮಗಳೋ ಇರಬಹುದು. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ ಅವನು ಈಗ ಯಾರ ಬಾಗಿಲು ತಟ್ಟುತ್ತಾನೆ ಎಂಬುದನ್ನು ತಿಳಿಯುವ ಆಸೆ ನನಗಿದೆ.