ಸೊಳ್ಳೆಗೂ ಒಂದು ಪಂಚಾಂಗ

ಕಕ್ಕಡದ ಜಡಿಮಳೆಯಲ್ಲಿ ಕೊಡಗಿನ ತೊರೆಗಳು ಕೆಂಪಾಗಿ ಉಕ್ಕಿ ಹರಿಯುವುದನ್ನು ವಾಚಕರೆಲ್ಲರೂ ಬಲ್ಲರು. ಆ ಪ್ರವಾಹದಲ್ಲಿ ಮಲೇರಿಯಾ ಸೊಳ್ಳೆಯ ಮರಿಹುಳುಗಳೂ ಕೊಚ್ಚಿಹೋಗುವುವೆಂಬುದನ್ನು ಬಲ್ಲವರು ಕೆಲವರೇ. ತುಲಾ ಸಂಕ್ರಮಣ ಕಳೆದು, ನೀರು ತಿಳಿಯಾಗಿ ಮೆಲ್ಲನೆ ಹರಿಯತೊಡಗಿದೊಡನೆ ದಡದ ಹುಲ್ಲಿನ ಮರೆಯಲ್ಲಿ ಆ ಸಂತತಿ ಮರಳಿ ಬೆಳೆಯುತ್ತದೆ. ನಾವು ಹುತ್ತರಿಯ ಕದಿರು ತರುವ ವೇಳೆಗೆ ಅದೂ ತನ್ನ ಸುಗ್ಗಿಗೆ ಅಣಿಯಾಗಿರುತ್ತದೆ.

ಸೊಳ್ಳೆಯ ಜಠರದಲ್ಲಿ ಮಲೇರಿಯಾದ ಜೀವಾಣುವನ್ನು ರೊನಾಲ್ಡ್ ರಾಸರು ಸಿಕಂದರಾಬಾದಿನಲ್ಲಿ ಕಂಡದ್ದು 1897ನೆಯ ಆಗಸ್ಟ್ 20ರಂದು. ಆದರೆ ಸೊಳ್ಳೆಗಳೆಲ್ಲವೂ ಅಪರಾಧಿಗಳಲ್ಲ. ಬಯಲುಸೀಮೆಯಲ್ಲಿ ಕ್ಯುಲಿಸಿಫೇಸಿಸ್, ಪಟ್ಟಣದ ಬಾವಿ ತೊಟ್ಟಿಗಳಲ್ಲಿ ಸ್ಟೀಫೆನ್ಸಿ, ಮಲೆನಾಡಿನ ತೊರೆಗಳಲ್ಲಿ ಫ್ಲೂವಿಯಾಟಿಲಿಸ್ ಎಂಬ ಅನಾಫಿಲಿಸ್ ಜಾತಿಗಳು ಮುಖ್ಯವಾದವು. ಫ್ಲೂವಿಯಾಟಿಲಿಸಿನಲ್ಲಿಯೂ ನೋಟಕ್ಕೆ ಒಂದೇ ಆಗಿ ನಡತೆಯಲ್ಲಿ ಬೇರೆಯಾದ ಒಳಬಗೆಗಳುಂಟು. ಒಂದು ಮನುಷ್ಯರಕ್ತವನ್ನು ಅರಸಿದರೆ ಉಳಿದವು ಹೆಚ್ಚಾಗಿ ದನಗಳನ್ನು ಕಚ್ಚುತ್ತವೆ. ಆದುದರಿಂದ ‘ಸೊಳ್ಳೆ ಹೆಚ್ಚಿದೆ’ ಎಂದರೆ ಸಾಲದು. ಯಾವ ಸೊಳ್ಳೆ, ಯಾವ ನಾಡಿನಲ್ಲಿ, ಯಾವ ಮಾಸದಲ್ಲಿ ಎಂಬುದು ತಿಳಿಯಬೇಕು. ಭಾಗಮಂಡಲದ ಮಳೆ ಬೇರೆ, ಕುಶಾಲನಗರದ ಮಳೆ ಬೇರೆ. ಎರಡಕ್ಕೂ ಒಂದೇ ಪಂಚಾಂಗ ಸಲ್ಲದು.

ಇದನ್ನು ತಿಳಿಯುವ ವಿಧಾನ ದುಬಾರಿಯದಲ್ಲ. ನುರಿತ ನೌಕರನೊಬ್ಬನು ಮುಂಜಾನೆ ಟಾರ್ಚು, ಹೀರುಗೊಳವೆಗಳನ್ನು ಹಿಡಿದು, ಗೊತ್ತಾದ ಮನೆ ಕೊಟ್ಟಿಗೆಗಳಲ್ಲಿ ಸೊಳ್ಳೆಗಳನ್ನು ಹಿಡಿದು, ಗಂಟೆಗೆ ಎಷ್ಟು ದೊರೆತುವೆಂದು ಬರೆದಿಡುವನು; ತೊರೆಯಂಚಿನ ನೀರನ್ನು ಸೌಟಿನಿಂದೆತ್ತಿ ಮರಿಹುಳುಗಳನ್ನು ಎಣಿಸುವನು. ಸೊಳ್ಳೆಯ ಜೊಲ್ಲುಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸೋಂಕು ಗೊತ್ತಾಗುವುದು. ರೋಗಿಯ ರಕ್ತ ಕುಡಿದ ಸೊಳ್ಳೆ ರೋಗ ಹರಡಬಲ್ಲುದಾಗಲು ಹತ್ತು ದಿನವಾದರೂ ಬೇಕು. ಲೆಕ್ಕವಿಟ್ಟವನಿಗೆ ಅಷ್ಟು ಕಾಲಾವಕಾಶ ದೊರೆಯುತ್ತದೆ. ಇಡದವನಿಗೆ ಜ್ವರವೇ ಮೊದಲ ಸಮಾಚಾರ. ಹೂಮಳೆ ಎಷ್ಟು ಸೆಂಟು ಬಿತ್ತೆಂದು ತಪ್ಪದೆ ಬರೆದಿಡುವ ನಮ್ಮ ಕಾಫಿ ಬೆಳೆಗಾರರ ಪುಸ್ತಕದಲ್ಲಿ ಸೊಳ್ಳೆಗೂ ಒಂದು ಅಂಕಣವಿರಬಾರದೇಕೆ?

ಕಾವಲು ಸಡಿಲಿದರೆ ಏನಾಗುವುದೆಂಬುದಕ್ಕೆ ದೇಶದ ಚರಿತ್ರೆಯೇ ಸಾಕ್ಷಿ. 1947ರ ಸುಮಾರಿಗೆ ಭಾರತದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನ ಮಲೇರಿಯಾಕ್ಕೆ ಸಿಕ್ಕಿ, ಎಂಟು ಲಕ್ಷ ಜನ ಸಾಯುತ್ತಿದ್ದರೆಂದು ಅಂದಾಜು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಮೊದಲಾಗಿ, ಡಿಡಿಟಿ ಸಿಂಪಡಣೆಯ ಫಲವಾಗಿ 1965ರಲ್ಲಿ ರೋಗಿಗಳ ಸಂಖ್ಯೆ ಒಂದು ಲಕ್ಷದಷ್ಟಕ್ಕೆ ಇಳಿಯಿತು. ಗೆದ್ದೆವೆಂದು ಎಚ್ಚರ ತಪ್ಪಿತು. ಸೊಳ್ಳೆಗಳು ಔಷಧಕ್ಕೆ ಒಗ್ಗಿಕೊಂಡವು. 1976ರಲ್ಲಿ ಸಂಖ್ಯೆ 64 ಲಕ್ಷಕ್ಕೆ ಏರಿತು. ಈಗ 2030ಕ್ಕೆ ಮಲೇರಿಯಾ ನಿರ್ಮೂಲವಾಗಬೇಕೆಂಬುದು ದೇಶದ ಸಂಕಲ್ಪ.

ಕೊಡಗಿನಲ್ಲಿ ಇಂದು ಈ ಜ್ವರ ಅಪರೂಪ. ಅದೇ ಅಪಾಯ, ಅಪರೂಪವಾದುದನ್ನು ಎಣಿಸಲು ಯಾರಿಗೂ ಮನಸ್ಸಿಲ್ಲ. ಆದರೆ ತೊರೆಗಳು ತಿಳಿಯಾಗುವ ಕಾಲವೂ ಕಾಫಿ ಕೊಯ್ಲಿನ ಕಾಲವೂ ಒಂದನ್ನೊಂದು ಕೂಡಿಬರುತ್ತವೆ. ಆಗ ಅಸ್ಸಾಂ, ಜಾರ್ಖಂಡ್ ಮುಂತಾದ ದೂರದ ಸೀಮೆಗಳಿಂದ ಕೂಲಿಕಾರರು ಬರುತ್ತಾರೆ. ಅವರನ್ನು ದೂಷಿಸುವುದು ನ್ಯಾಯವಲ್ಲ. ನಮ್ಮ ಬೆಳೆಯನ್ನು ಮನೆಗೆ ತಂದುಕೊಡುವವರು ಅವರೇ. ಬಂದ ವಾರದಲ್ಲಿಯೇ ಅವರ ರಕ್ತಪರೀಕ್ಷೆ, ಲೈನ್ ಮನೆಗಳಿಗೆ ಸೊಳ್ಳೆಪರದೆ, ಹತ್ತಿರದ ತೊರೆಯ ತಪಾಸಣೆ—ಇವು ತೋಟದ ಯಜಮಾನರ ಮತ್ತು ಆರೋಗ್ಯ ಇಲಾಖೆಯ ಕರ್ತವ್ಯವೆಂದು ಸ್ಪಷ್ಟವಾಗಿ ಹೇಳುತ್ತೇವೆ.

ಜ್ವರ ಹಬ್ಬಿದ ಮೇಲೆ ಬೀದಿಯಲ್ಲಿ ಹೊಗೆಯೆಬ್ಬಿಸುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಅಧಿಕಾರಿಗಳು ಸೊಳ್ಳೆ ಎಣಿಸುವ ನೌಕರನ ಹುದ್ದೆಯನ್ನು ಖಾಲಿಬಿಡದೆ, ತಿಂಗಳು ತಿಂಗಳಿನ ಲೆಕ್ಕವನ್ನು ಪಂಚಾಯತಿಯ ಹಲಗೆಯ ಮೇಲೆ ಬರೆಯಿಸಲಿ. ಓದಿದ ಜನ ಅದನ್ನು ಕೇಳಿ ಪಡೆಯಲಿ.