11.8 ಡಿಗ್ರಿಯ ಸೈನ್ ಎಲ್ಲಿಂದ ಬರುತ್ತದೆ?

ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯ ಅಕ್ಷಾಂಶ ಸುಮಾರು 11.8 ಡಿಗ್ರಿ. ಇಲ್ಲಿನ ಹೊಲವೊಂದರಲ್ಲಿ ಸೌರ ಪಂಪ್‌ಸೆಟ್ಟಿನ ಫಲಕವನ್ನು ದಕ್ಷಿಣಕ್ಕೆ ಮುಖ ಮಾಡಿ ಅಷ್ಟೇ ಓರೆಯಾಗಿ ನಿಲ್ಲಿಸಬೇಕು ಎನ್ನೋಣ. ಫಲಕ 2 ಮೀಟರ್ ಉದ್ದವಿದ್ದರೆ ಹಿಂದಿನ ಅಂಚು ಎಷ್ಟು ಮೇಲೇಳಬೇಕು? 11.8 ಡಿಗ್ರಿಯ ಸೈನ್ ಬೆಲೆಯನ್ನು ಎರಡರಿಂದ ಗುಣಿಸಿದರೆ ಆಯಿತು: ಸುಮಾರು 41 ಸೆಂಟಿಮೀಟರ್. ಪೈಥಾನ್‌ನಲ್ಲಿ ಇದು ಒಂದೇ ಸಾಲಿನ ಕೆಲಸ. ಆದರೆ ಪ್ರೊಸೆಸರ್ ಸಲೀಸಾಗಿ ಮಾಡುವುದು ಕೂಡುವ, ಕಳೆಯುವ, ಗುಣಿಸುವ ಲೆಕ್ಕಗಳನ್ನು ಮಾತ್ರ. ಅಷ್ಟರಲ್ಲೇ ಸೈನ್ ಹುಟ್ಟಿಸುವುದು ಗಣಿತ ಲೈಬ್ರರಿಯ ಕೆಲಸ.

ಮೊದಲು ಕೋನವನ್ನು ಮಡಚಬೇಕು. ಸೈನ್ 360 ಡಿಗ್ರಿಗೊಮ್ಮೆ ಮರುಕಳಿಸುವುದರಿಂದ ಎಷ್ಟೇ ದೊಡ್ಡ ಕೋನವನ್ನೂ ಮೈನಸ್ 45ರಿಂದ 45 ಡಿಗ್ರಿಯೊಳಗೆ ತಂದು, ಅಲ್ಲಿ ಸೈನ್ ಅಥವಾ ಕೊಸೈನ್ ಯಾವುದು ಬೇಕೋ ಅದನ್ನು ಲೆಕ್ಕ ಹಾಕಬಹುದು. ಕೇಳಲು ಸುಲಭ, ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಕಠಿಣವಾದದ್ದು ಇದೇ. ಲೈಬ್ರರಿ ಕೋನವನ್ನು ರೇಡಿಯನ್‌ನಲ್ಲಿ ಕೇಳುತ್ತದೆ. ಪೈ ಬೆಲೆಯೋ ಮುಗಿಯದ ದಶಮಾಂಶ. ಅದನ್ನು ಕತ್ತರಿಸಿಟ್ಟುಕೊಂಡು ದೊಡ್ಡ ಕೋನದಿಂದ ಕಳೆಯುತ್ತ ಹೋದರೆ ಉಳಿಯಬೇಕಾದ ಅಂಕಿಗಳೇ ಅಳಿಸಿಹೋಗುತ್ತವೆ. ಅದಕ್ಕೆಂದೇ ಪೈ ಬೆಲೆಯನ್ನು ತುಂಡು ತುಂಡಾಗಿ ಇಟ್ಟುಕೊಳ್ಳುತ್ತಾರೆ. ತೀರಾ ದೊಡ್ಡ ಕೋನಗಳಿಗಾಗಿ 2/ಪೈ ಬೆಲೆಯನ್ನು ಸಾವಿರಕ್ಕೂ ಹೆಚ್ಚು ಬಿಟ್‌ಗಳಷ್ಟು ಶೇಖರಿಸಿರುತ್ತಾರೆ.

ನಮ್ಮ 11.8 ಡಿಗ್ರಿ ಮಡಚದೆಯೇ ಚಿಕ್ಕದು, ರೇಡಿಯನ್‌ನಲ್ಲಿ 0.205949. ಅದರಿಂದ ಅದರ ಘನದ ಆರನೇ ಒಂದು ಭಾಗ ಕಳೆದರೆ 0.204493. ಐದನೇ ಘಾತವನ್ನು 120ರಿಂದ ಭಾಗಿಸಿ ಕೂಡಿದರೆ 0.204496. ಆರು ದಶಮಾಂಶ ಸರಿಬಂತು! ಸನ್ ಮೈಕ್ರೋಸಿಸ್ಟಮ್ಸ್ 1993ರಲ್ಲಿ ರೂಪಿಸಿದ, ಇಂದಿಗೂ ಅನೇಕ ಭಾಷೆಗಳು ಅನುಸರಿಸುವ ಲೈಬ್ರರಿ ಹೀಗೆ 13ನೇ ಘಾತದವರೆಗೆ ಹೋಗುತ್ತದೆ. ಘಾತಗಳನ್ನು ಒಂದೊಂದಾಗಿ ಕಟ್ಟುವುದಿಲ್ಲ. ವರ್ಗವನ್ನು ಒಮ್ಮೆ ಮಾಡಿಕೊಂಡು ಒಳಗಿನ ಆವರಣದಿಂದ ಹೊರಕ್ಕೆ ಗುಣಿಸುತ್ತ, ಕೂಡುತ್ತ ಬರುತ್ತದೆ. ಅಲ್ಲಿ ಘನದ ಸಹಗುಣಕವೂ ನೇರವಾಗಿ 1/6 ಅಲ್ಲ. 15 ದಶಮಾಂಶ ಹಾಗೆಯೇ ಇದ್ದು 16ನೆಯದರಲ್ಲಿ ಬೇರೆಯಾಗುತ್ತದೆ. ಕೋನ 45 ಡಿಗ್ರಿ ಸಮೀಪಿಸಿದಂತೆ ಗುಡ್ಡೆಯಾಗುವ ತಪ್ಪನ್ನು ಇಡೀ ವ್ಯಾಪ್ತಿಗೆ ಹಂಚಲು ಮಾಡಿದ ತಿದ್ದುಪಡಿ ಅದು.

ಗುಂಡ್ಲುಪೇಟೆಯಿಂದ ವಯನಾಡಿನ ಹಾದಿಯಾಗಿ ಘಟ್ಟ ಇಳಿದರೆ ಸಿಗುವ ಕೇರಳದಲ್ಲಿ, 14ನೇ ಶತಮಾನದಲ್ಲೇ, ಸಂಗಮಗ್ರಾಮದ ಮಾಧವ ಇದೇ ಕ್ರಮವನ್ನು ಹೇಳಿದ್ದ. ಐದು ಸಹಗುಣಕಗಳನ್ನು, ಅಕ್ಷರಗಳಿಂದ ಅಂಕಿ ಸೂಚಿಸುವ ಕಟಪಯಾದಿ ಸಂಖ್ಯೆಯ ಪದಗಳಾಗಿ ಬಾಯಿಪಾಠಕ್ಕೆ ಕೊಟ್ಟು, ಕಂಸದ ವರ್ಗದಿಂದ ಗುಣಿಸಿ, ಮುಂದಿನ ಸಂಖ್ಯೆಯಲ್ಲಿ ಕಳೆಯುತ್ತ ಹೊರಬರುವ ವಿಧಾನ. ಇದು ನಮ್ಮ ಪಠ್ಯಪುಸ್ತಕಗಳಲ್ಲಿ ವಿವರವಾಗಿ ಇರಬೇಕಾದ ವಿಷಯ.

ಎಲ್ಲ ಕೆಲಸಕ್ಕೂ 16 ಅಂಕಿ ಬೇಕಿಲ್ಲ. 7ನೇ ಶತಮಾನದ ಒಂದನೇ ಭಾಸ್ಕರನ ಸೂತ್ರ ನೋಡಿ: 180ರಲ್ಲಿ ಕೋನವನ್ನು ಕಳೆದು, ಉಳಿದದ್ದನ್ನು ಕೋನದಿಂದಲೇ ಗುಣಿಸಿ; ಆ ಗುಣಲಬ್ಧದ ನಾಲ್ಕರಷ್ಟನ್ನು, 40500ರಲ್ಲಿ ಗುಣಲಬ್ಧ ಕಳೆದು ಉಳಿದದ್ದರಿಂದ ಭಾಗಿಸಿ. ನಮಗೆ ಸಿಗುವುದು 0.2061. ಫಲಕದ ಎತ್ತರದಲ್ಲಿ ವ್ಯತ್ಯಾಸ 3 ಮಿಲಿಮೀಟರ್ ಚಿಲ್ಲರೆ, ಅಷ್ಟೆ.

ಪ್ರೋಗ್ರಾಂ ಬರೆಯುವವರು ಕೋನ ಡಿಗ್ರಿಯಲ್ಲಿದ್ದಾಗಲೇ 360ರ ಪಟ್ಟುಗಳನ್ನು ಕಳೆದುಬಿಡಲಿ. 360 ಪೂರ್ಣಾಂಕ, ಅಲ್ಲಿ ಪೈ ಕಾಟವಿಲ್ಲ. ಸಮ ಹೆಜ್ಜೆಗಳಲ್ಲಿ ವೃತ್ತ ಬಿಡಿಸುವಾಗ ಪ್ರತಿ ಬಿಂದುವಿಗೂ ಸೈನ್ ಕೇಳಬೇಕಿಲ್ಲ: ಹೆಜ್ಜೆಯ ಸೈನ್, ಕೊಸೈನ್ ಒಮ್ಮೆ ತೆಗೆದಿಟ್ಟುಕೊಂಡರೆ ನಾಲ್ಕು ಗುಣಾಕಾರ, ಒಂದು ಕೂಡುವಿಕೆ, ಒಂದು ಕಳೆಯುವಿಕೆಯಲ್ಲಿ ಮುಂದಿನ ಬಿಂದು ಸಿಗುತ್ತದೆ. ತಪ್ಪು ಸಣ್ಣಗೆ ಸೇರುತ್ತ ಹೋಗುವುದರಿಂದ ಆಗಾಗ ಲೈಬ್ರರಿಯ ಬೆಲೆ ತಂದು ಸರಿಪಡಿಸಿಕೊಳ್ಳಬೇಕು.