ಕೊಲ್ಹಾರದ ಗಡಿಗೆಯೂ ಮಕ್ಕಳ ಮೊಸರೂ

ವಿಜಯಪುರದಿಂದ ಹುಬ್ಬಳ್ಳಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಕೃಷ್ಣಾ ನದಿಯನ್ನು ದಾಟುವ ಮೊದಲು, ಕೊಲ್ಹಾರವೆಂಬ ಊರು ಸಿಗುತ್ತದೆ. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. ಹಳೆಯ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತಾದರೂ ಅದರ ಮೊಸರಿನ ಕೀರ್ತಿ ಮುಳುಗಲಿಲ್ಲ. ಮಣ್ಣಿನ ಗಡಿಗೆಯಲ್ಲಿ ಹೆಪ್ಪುಗಟ್ಟಿದ ಆ ಗಟ್ಟಿ ಮೊಸರನ್ನು ದಾರಿಹೋಕರು ವಾಹನ ನಿಲ್ಲಿಸಿ ಕೊಳ್ಳುತ್ತಾರೆ.

ಇಂಥ ಮೊಸರಿನ ಸೀಮೆಯಲ್ಲಿಯೂ ಈಗ ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಅಂಗಡಿಗಳ ತಂಪುಪೆಟ್ಟಿಗೆಗಳಲ್ಲಿ ಮಕ್ಕಳಿಗೆಂದೇ ಚಿತ್ರವಿಚಿತ್ರ ಬಣ್ಣದ ಪುಟ್ಟ ಬಟ್ಟಲುಗಳು ಕುಳಿತಿವೆ. ಹಣ್ಣಿನ ಪರಿಮಳದ ಯೋಗರ್ಟ್, ಶ್ರೀಖಂಡ, ಕಸ್ಟರ್ಡ್, ಹೀಗೆ ಅವುಗಳ ಹೆಸರು ಹಲವು. ಮಗು ಬೇಡುತ್ತದೆ, ತಾಯಿ ಕೊಡಿಸುತ್ತಾಳೆ. ದಿನಗೂಲಿಯ ಮನೆಯಲ್ಲಿ ಆ ಒಂದು ಬಟ್ಟಲು ಅರ್ಧ ಲೀಟರು ಹಾಲನ್ನು ಮನೆಯಿಂದ ಹೊರಗಿಡುವುದೂ ಉಂಟು. ಆದುದರಿಂದ ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಯುಕ್ತ.

ಮೊದಲನೆಯದಾಗಿ, ಬಟ್ಟಲಿನ ಬೆಲೆಯನ್ನು ನೋಡದೆ ಕಿಲೋಗ್ರಾಮಿನ ಬೆಲೆಯನ್ನು ನೋಡಬೇಕು. 80 ಗ್ರಾಂ ತೂಕದ ಬಟ್ಟಲಿಗೆ 20 ರೂಪಾಯಿ ಎಂದಿಟ್ಟುಕೊಳ್ಳೋಣ. 20ನ್ನು 80ರಿಂದ ಭಾಗಿಸಿ 1000ದಿಂದ ಗುಣಿಸಿದರೆ ಕಿಲೋಗ್ರಾಮಿಗೆ 250 ರೂಪಾಯಿ! 2025ರ ಏಪ್ರಿಲ್‌ನಲ್ಲಿ ನಂದಿನಿ ಟೋನ್ಡ್ ಹಾಲಿಗೆ ಲೀಟರಿಗೆ 46 ರೂಪಾಯಿಯೂ, ಮೊಸರಿಗೆ ಕಿಲೋಗ್ರಾಮಿಗೆ 54 ರೂಪಾಯಿಯೂ ನಿಗದಿಯಾದುವು. ದರಗಳು ಬದಲಾಗುತ್ತವೆ, ಓದುಗರು ತಮ್ಮೂರಿನ ಅಂದಿನ ದರವನ್ನಿಟ್ಟು ಇದೇ ಭಾಗಾಕಾರವನ್ನು ಮಾಡಬಹುದು. ನಡುವಿನ ಅಂತರವೆಲ್ಲ ಹಾಲಿಗೆ ಸಲ್ಲುವುದಿಲ್ಲ. ಸಕ್ಕರೆ, ಬಣ್ಣ, ಪರಿಮಳ, ಪ್ಲಾಸ್ಟಿಕ್ಕು, ಶೀತಸಾಗಣೆ, ಜಾಹೀರಾತು ಇವುಗಳಿಗೂ ಅದರಲ್ಲಿ ಪಾಲುಂಟು.

ಇನ್ನು ಮೊಸರೆಂದರೇನು? ಹಾಲಿನಲ್ಲಿ ನೂರಕ್ಕೆ ಸುಮಾರು 4.5ರಿಂದ 5 ಪಾಲು ಲ್ಯಾಕ್ಟೋಸ್ ಎಂಬ ಹಾಲುಸಕ್ಕರೆ ಇರುತ್ತದೆ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಗಳು ಅದನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕುತ್ತವೆ. ಹಾಲಿನ ಪಿ.ಎಚ್. ಮೌಲ್ಯ 6.6ರ ಆಸುಪಾಸಿನಿಂದ ಇಳಿಯುತ್ತ 4.6ನ್ನು ಸಮೀಪಿಸಿದಾಗ, ಪರಸ್ಪರ ವಿಕರ್ಷಿಸುತ್ತಿದ್ದ ಕೇಸೀನ್ ಎಂಬ ಪ್ರೋಟೀನಿನ ಕಣಗಳು ವಿದ್ಯುದಂಶದ ಸಮತೋಲಕ್ಕೆ ಬಂದು ಒಂದಕ್ಕೊಂದು ಅಂಟಿ ಜಾಲವಾಗುತ್ತವೆ. ನೀರೂ ಕೊಬ್ಬೂ ಆ ಜಾಲದಲ್ಲಿ ಸೆರೆಯಾಗುತ್ತವೆ. ಬಲ್ಗೇರಿಯದ ಸ್ಟಾಮೆನ್ ಗ್ರಿಗೋರೋವ್ 1905ರಲ್ಲಿ ತನ್ನ ನಾಡಿನ ಮೊಸರಿನಲ್ಲಿ ಇಂಥದೊಂದು ಬ್ಯಾಕ್ಟೀರಿಯವನ್ನು ಗುರುತಿಸಿದನು. 1919ರಲ್ಲಿ ಐಸಾಕ್ ಕರಾಸೋ ಎಂಬಾತನು ಬಾರ್ಸಿಲೋನದಲ್ಲಿ ಯೋಗರ್ಟ್ ತಯಾರಿಸಿ ಮಾರಲಾರಂಭಿಸಿದಾಗ ಅದು ಸಿಗುತ್ತಿದ್ದುದು ಔಷಧದ ಅಂಗಡಿಗಳಲ್ಲಿ. ಮಗನ ಹೆಸರಿನಿಂದ ಆತ ಇಟ್ಟ ‘ಡಾನೋನ್’ ಎಂಬ ಹೆಸರು ಇಂದು ಜಗತ್ಪ್ರಸಿದ್ಧ. ನಮ್ಮ ಅಜ್ಜಿಯರು ಇದನ್ನು ಕೇಳಿದ್ದರೆ ನಕ್ಕಾರು.

ಇಂಡಿಯ ಲಿಂಬೆ ನಾಡಿನಲ್ಲೆಲ್ಲ ಪ್ರಸಿದ್ಧ. ಕುದಿಯುವ ಹಾಲಿಗೆ ಲಿಂಬೆಯ ರಸವನ್ನು ಹಿಂಡಿದರೆ ಹಾಲು ತಟ್ಟನೆ ಒಡೆದು ಗಡ್ಡೆಗಳೂ ನೀರೂ ಬೇರೆಯಾಗುತ್ತವೆ. ಇಲ್ಲಿಯೂ ಆಮ್ಲವೇ, ಅಲ್ಲಿಯೂ ಆಮ್ಲವೇ. ಹಾಗಿದ್ದರೆ ಇದು ಮೊಸರೇಕೆ ಆಗಲಿಲ್ಲ? ವ್ಯತ್ಯಾಸವಿರುವುದು ವೇಗದಲ್ಲಿ ಹಾಗೂ ಉಷ್ಣತೆಯಲ್ಲಿ. ಬ್ಯಾಕ್ಟೀರಿಯಗಳು ಗಂಟೆಗಟ್ಟಲೆ ಕುಳಿತು ತೊಟ್ಟುತೊಟ್ಟಾಗಿ ಆಮ್ಲವನ್ನು ಕೊಡುವುದರಿಂದ ಕಣಗಳಿಗೆ ಎಲ್ಲೆಡೆಯೂ ಸಮನಾಗಿ ಕೈಹಿಡಿಯಲು ಅವಕಾಶ ದೊರೆಯುತ್ತದೆ. ಹಿಂಡಿದ ರಸವಾದರೋ ಆ ಅವಕಾಶವನ್ನೇ ಕೊಡುವುದಿಲ್ಲ. ಮಕ್ಕಳ ಮೊಸರಿಗೆ ಹುಳಿಹಣ್ಣನ್ನು ಬಿಸಿಹಾಲಿನಲ್ಲಿ ಬೆರೆಸಬಾರದು, ಮೊಸರಾದ ಮೇಲೆಯೇ ಬೆರೆಸಬೇಕು ಎಂಬುದಕ್ಕೆ ಕಾರಣವೂ ಇದೇ.

ಮನೆಯ ಮೊಸರು ನೀರಾಗುತ್ತದೆ, ಅಂಗಡಿಯದು ಗಟ್ಟಿ ಎಂಬುದು ಸಾಮಾನ್ಯ ದೂರು. ಹಾಲನ್ನು ಒಂದು ಉಕ್ಕು ಬರಿಸಿ ಇಳಿಸದೆ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ 90 ಸೆಂಟಿಗ್ರೇಡಿನ ಸುಮಾರಿನಲ್ಲಿ ಹತ್ತು ನಿಮಿಷ ಇಟ್ಟರೆ ಈ ದೂರು ಬಹುಮಟ್ಟಿಗೆ ತೀರುತ್ತದೆ. ಆ ಕಾವಿಗೆ ಹಾಲಿನ ತಿಳಿಯಲ್ಲಿರುವ ಪ್ರೋಟೀನುಗಳು ಬಿಚ್ಚಿಕೊಂಡು ಕೇಸೀನಿನ ಕಣಗಳಿಗೆ ಅಂಟುತ್ತವೆ, ಜಾಲ ಬಿಗಿಯಾಗುತ್ತದೆ. ಲೀಟರಿಗೆ ಎರಡು ಮೂರು ಚಮಚ ಹಾಲಿನ ಪುಡಿಯನ್ನು ಕದಡಿದರೆ ಮತ್ತಷ್ಟು ಗಟ್ಟಿ. ಕಾಯಿಸುವ ಖರ್ಚೆಷ್ಟು? ಒಂದು ಲೀಟರು ಹಾಲನ್ನು 25ರಿಂದ 90 ಸೆಂಟಿಗ್ರೇಡಿಗೆ ಏರಿಸಲು ಬೇಕಾದ ಶಾಖ ಸುಮಾರು 260 ಕಿಲೋಜೌಲ್. ಒಲೆಯ ನಷ್ಟವನ್ನು ಸೇರಿಸಿದರೂ ಹತ್ತು ಗ್ರಾಮಿನಷ್ಟು ಅನಿಲ ಸಾಕು. 14.2 ಕಿಲೋಗ್ರಾಮಿನ ಸಿಲಿಂಡರಿಗೆ 900 ರೂಪಾಯಿ ಎಂದರೆ ಅದು 65 ಪೈಸೆಯೊಳಗೆ ಮುಗಿಯುತ್ತದೆ. ಹತ್ತು ನಿಮಿಷದ ಸಣ್ಣ ಉರಿಯೂ ಸೇರಿ ಒಂದು ರೂಪಾಯಿ ಎನ್ನೋಣ.

ಬಳಿಕ ಹಾಲು ಆರಬೇಕು. ಹೆಪ್ಪಿಗೆ ಹಿತವಾದ ಉಷ್ಣತೆ 40ರಿಂದ 43 ಸೆಂಟಿಗ್ರೇಡು. ಬೆರಳಿಟ್ಟರೆ ಸುಡದೆ ಬೆಚ್ಚಗೆನಿಸಬೇಕು. ಏಪ್ರಿಲ್-ಮೇ ತಿಂಗಳುಗಳಲ್ಲಿ ನಮ್ಮ ಜಿಲ್ಲೆಯ ಹಗಲು 40ನ್ನು ದಾಟುವುದರಿಂದ ಪ್ರಕೃತಿಯೇ ಕಾವುಪೆಟ್ಟಿಗೆಯಾಗುತ್ತದೆ. ಆಗ ಹೆಪ್ಪು ಕಡಿಮೆ ಸಾಕು. ಮರೆತು ಬಿಟ್ಟರೆ ಹುಳಿ ನಿಶ್ಚಿತ. ಚಳಿಗಾಲದ ಮಾತು ಬೇರೆ. ವಸ್ತುವು ಕಳೆದುಕೊಳ್ಳುವ ಶಾಖವು ಅದರ ಮತ್ತು ಪರಿಸರದ ಉಷ್ಣತೆಗಳ ಅಂತರವನ್ನು ಅವಲಂಬಿಸಿದೆಯೆಂಬ ನ್ಯೂಟನ್ನನ ನಿಯಮ ವಿದ್ಯಾರ್ಥಿಗಳಿಗೆ ಗೊತ್ತು. ಹಾಲು 42, ಕೋಣೆ 38 ಆದಾಗ ಅಂತರ 4. ಕೋಣೆ 18 ಆದಾಗ 24. ಶಾಖ ಆರು ಪಟ್ಟು ವೇಗದಲ್ಲಿ ಸೋರುತ್ತದೆ. ಪಾತ್ರೆಗೆ ಕಂಬಳಿ ಹೊದಿಸುವುದು ಅಥವಾ ಅದನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುದುಗಿಸುವುದು ಪರಿಹಾರ. ಕಂಬಳಿಯೂ ಹಿಟ್ಟೂ ತಮ್ಮೊಳಗೆ ಗಾಳಿಯನ್ನು ಹಿಡಿದಿಟ್ಟುಕೊಂಡ ಅವಾಹಕಗಳು. ಇದಕ್ಕಾಗಿ ವಿದ್ಯುತ್ತಿನ ಮೊಸರುಯಂತ್ರವನ್ನು ಕೊಳ್ಳುವುದು ದುಂದುವೆಚ್ಚವೆಂದೇ ನನ್ನ ಅಭಿಪ್ರಾಯ.

ಕೊಲ್ಹಾರದ ಗಡಿಗೆಯಲ್ಲಿ ಭೌತಶಾಸ್ತ್ರ ಇನ್ನೂ ಸೊಗಸಾಗಿದೆ. ಎಮ್ಮೆಯ ಹಾಲಿನಲ್ಲಿ ಕೊಬ್ಬು ನೂರಕ್ಕೆ 6-7 ಪಾಲು, ಪ್ರೋಟೀನೂ ಆಕಳ ಹಾಲಿಗಿಂತ ಹೆಚ್ಚು. ಸುಟ್ಟ ಮಣ್ಣಿನ ಅಗಣಿತ ರಂಧ್ರಗಳು ಮೊಸರಿನ ತಿಳಿಯನ್ನು ಹೀರಿ ಹೊರಮೈಗೆ ತರುತ್ತವೆ. ಅಲ್ಲಿ ಅದು ಆವಿಯಾಗುತ್ತದೆ. ಒಂದೇ ಕ್ರಿಯೆಗೆ ಎರಡು ಫಲ! ನೀರು ಹೋದಷ್ಟೂ ಮೊಸರು ಗಟ್ಟಿ. ಆವಿಯಾಗುವ ನೀರು ತನ್ನ ಗುಪ್ತೋಷ್ಣವನ್ನು ಮೊಸರಿನಿಂದಲೇ ಕಸಿದುಕೊಳ್ಳುವುದರಿಂದ ಮೊಸರು ತಂಪು. ಕೇವಲ 10 ಗ್ರಾಂ ನೀರು ಆವಿಯಾದರೆ ಸುಮಾರು 24 ಕಿಲೋಜೌಲ್ ಶಾಖ ಹೋಗುತ್ತದೆ. ಇದೆಲ್ಲವೂ ಮೊಸರಿನಿಂದಲೇ ಬಂದರೆ ಒಂದು ಕಿಲೋಗ್ರಾಂ ಮೊಸರು ಆರು ಸೆಂಟಿಗ್ರೇಡಿನಷ್ಟು ತಣಿಯುತ್ತದೆ. ತಣಿದ ಮೊಸರಿನಲ್ಲಿ ಬ್ಯಾಕ್ಟೀರಿಯಗಳು ಮಂದವಾಗಿ, ಹುಳಿ ಏರುವುದು ನಿಧಾನವಾಗುತ್ತದೆ. ಒಣಹವೆಯ ನಮ್ಮ ಸೀಮೆಗೆ ಈ ಉಪಾಯ ಒಗ್ಗಿದಷ್ಟು ತೇವದ ಕರಾವಳಿಗೆ ಒಗ್ಗದು.

ಗಡಿಗೆ ಮಾಡುವ ಕೆಲಸವನ್ನೇ ತೆಳುಬಟ್ಟೆ ಇನ್ನಷ್ಟು ಬೇಗ ಮಾಡುತ್ತದೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿ ತಂಪಿನಲ್ಲಿ ತೂಗುಹಾಕಿದರೆ, ಒಂದು ಲೀಟರು ಟೋನ್ಡ್ ಹಾಲಿನ ಮೊಸರಿನಿಂದ ಸುಮಾರು 350 ಗ್ರಾಂ ಗಟ್ಟಿ ಮೊಸರು ಉಳಿಯುತ್ತದೆ. ಅದಕ್ಕೆ ಅರ್ಧದಷ್ಟು ಸಕ್ಕರೆ, ಚಿಟಿಕೆ ಏಲಕ್ಕಿ ಬೆರೆಸಿದರೆ 525 ಗ್ರಾಂ ಶ್ರೀಖಂಡ. ಹಾಲಿಗೆ 46, ಅನಿಲಕ್ಕೆ 1, ಸಕ್ಕರೆಗೆ 8, ಒಟ್ಟು 55 ರೂಪಾಯಿ. ಎಂದರೆ ಕಿಲೋಗ್ರಾಮಿಗೆ 105ರ ಸುಮಾರು. ಆದರೆ ಇದು ಹಬ್ಬದ ತಿನಿಸು. ದಿನನಿತ್ಯದ ಬಟ್ಟಲಿಗೆ ಇಷ್ಟು ಸಕ್ಕರೆ ಸಲ್ಲದು. ಸಕ್ಕರೆಯಿಂದ ದೊರೆಯುವ ಶಕ್ತಿ ದಿನದ ಒಟ್ಟು ಶಕ್ತಿಯ ಹತ್ತನೆಯ ಒಂದು ಪಾಲಿಗಿಂತ ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ದೊಡ್ಡವರಿಗೂ ಮಕ್ಕಳಿಗೂ ಸಮನಾಗಿ ಹೇಳಿದೆ. ಮಾಗಿದ ಬಾಳೆಹಣ್ಣನ್ನು ಕಿವುಚಿ ಬೆರೆಸಿದರೆ, ಇಲ್ಲವೇ ನಮ್ಮ ಜಿಲ್ಲೆಯದೇ ಒಣದ್ರಾಕ್ಷಿಯನ್ನು ನೆನೆಸಿ ಅರೆದು ಹಾಕಿದರೆ, ಮಗುವಿನ ನಾಲಿಗೆ ಒಪ್ಪುವಷ್ಟು ಸಿಹಿ ಬರುತ್ತದೆ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನುತುಪ್ಪವನ್ನು ಎಂದಿಗೂ ಬೆರೆಸಕೂಡದು. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯದ ಬೀಜಾಣುಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷವನ್ನುಂಟುಮಾಡಬಲ್ಲವು.

ಬಟ್ಟೆಯಿಂದ ಸೋರಿದ ತಿಳಿಯನ್ನು ಚೆಲ್ಲುವವರೇ ಹೆಚ್ಚು. ಅದರ ಹಸುರುಮಿಶ್ರಿತ ಹಳದಿ ಬಣ್ಣಕ್ಕೆ ಕಾರಣ ರೈಬೋಫ್ಲೇವಿನ್ ಎಂಬ ಜೀವಸತ್ವ. ಬೆಳಕಿಗೆ ಇದು ನಾಶವಾಗುವುದರಿಂದ ತಿಳಿಯನ್ನು ಮುಚ್ಚಿದ ಪಾತ್ರೆಯಲ್ಲಿ ಕತ್ತಲೆಯಲ್ಲಿಟ್ಟು, ಅಂದೇ ರೊಟ್ಟಿಯ ಹಿಟ್ಟನ್ನು ನಾದಲೋ ಸಾರಿಗೋ ಬಳಸತಕ್ಕದ್ದು.